ಗೇಮಿಂಗ್ ಮಾನಿಟರ್ ಕೊಳ್ಳುವ ಮುನ್ನ: ಐಪಿಎಸ್, ವಿಎ, ಓಎಲ್‌ಇಡಿ ಯಾರಿಗೆ ಯಾವುದು?

ಮಾನಿಟರ್ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಹರ್ಟ್ಜ್ ಸಂಖ್ಯೆ, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿ ಚಿತ್ರ) ತೋರಿಸಬಲ್ಲದು ಎಂಬುದು. ಕೊಳ್ಳುವವರಿಗೆ ಎಲ್ಲಕ್ಕಿಂತ ಕಡಿಮೆ ಕೆಲಸಕ್ಕೆ ಬರುವ ಸಂಖ್ಯೆಯೂ ಅದೇ. 60 ಹರ್ಟ್ಜ್‌ನಲ್ಲಿ ಒಂದು ಫ್ರೇಮ್ ಪರದೆಯ ಮೇಲೆ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9. ಮೌಸ್ ಅಲ್ಲಾಡಿಸಿದ ಕೂಡಲೇ ಈ ವ್ಯತ್ಯಾಸ ಯಾರ ಕಣ್ಣಿಗಾದರೂ ಬೀಳುತ್ತದೆ. 144ರಿಂದ 180ಕ್ಕೆ ಹೋದರೆ 5.6 ಆಗುತ್ತದೆ, ಅಂದರೆ ಉಳಿತಾಯ ಒಂದೂವರೆ ಮಿಲಿಸೆಕೆಂಡಿಗೂ ಕಡಿಮೆ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ತರಹದ ಶೂಟಿಂಗ್ ಆಟಗಳನ್ನು ಪಂದ್ಯದ ಮಟ್ಟದಲ್ಲಿ ಆಡುವವರನ್ನು ಬಿಟ್ಟರೆ ಉಳಿದವರು ಇದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ಈಗ ಗೇಮಿಂಗ್ ಎಂದು ಮಾರುವ ಅಗ್ಗದ ಮಾನಿಟರಿನಲ್ಲೂ 144 ಸಾಮಾನ್ಯವಾಗಿ ಇರುತ್ತದೆ.

ನಿಜವಾಗಿ ತೀರ್ಮಾನ ಮಾಡುವುದು ಮೂರು ಸಂಗತಿಗಳು. ಇಂಚಿಗೆ ಎಷ್ಟು ಪಿಕ್ಸೆಲ್, ಪ್ಯಾನಲ್ ಯಾವ ಬಗೆಯದು (ಐಪಿಎಸ್, ವಿಎ ಎಂಬ ಎರಡು ಎಲ್‌ಸಿಡಿ ಬಗೆಗಳೋ, ಓಎಲ್‌ಇಡಿಯೋ), ಮಾನಿಟರ್ ಇಡುವ ಕೋಣೆಯಲ್ಲಿ ಬೆಳಕು ಎಷ್ಟು. ಮೂರನೆಯದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಮನೆಗೆ ತಂದ ಮೇಲೆ ಬರುವ ಅಸಮಾಧಾನದ ಬಹುಪಾಲು ಅಲ್ಲಿಂದಲೇ ಹುಟ್ಟುತ್ತದೆ.

ಮೊದಲು ಪಿಕ್ಸೆಲ್ ಲೆಕ್ಕ

1080ಪಿ, 1440ಪಿ ಎಂದರೆ ಪರದೆಯ ಎತ್ತರದಲ್ಲಿ ಅಷ್ಟು ಸಾಲು ಪಿಕ್ಸೆಲ್, 4ಕೆಯಲ್ಲಿ 2160 ಸಾಲು. 24 ಇಂಚಿನ 1080ಪಿ ಪರದೆಯಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್. ಅದೇ 1080ಪಿ 27 ಇಂಚಿಗೆ ಹಿಗ್ಗಿದರೆ 82ಕ್ಕೆ ಇಳಿಯುತ್ತದೆ. 27 ಇಂಚಿನ 1440ಪಿಯಲ್ಲಿ 109, 27 ಇಂಚಿನ 4ಕೆಯಲ್ಲಿ 163. 32 ಇಂಚಿನ 1440ಪಿ ಕೊಳ್ಳುವವರು ಗಮನಿಸಬೇಕಾದದ್ದು, ಅದು ಮತ್ತೆ 92ಕ್ಕೇ ಬಂದು ನಿಲ್ಲುತ್ತದೆ. ಪರದೆ ದೊಡ್ಡದಾಯಿತೇ ಹೊರತು ಸ್ಪಷ್ಟತೆ 24 ಇಂಚಿನ 1080ಪಿಯದ್ದೇ.

ಗೇಮ್ ಮಾತ್ರ ಆಡುವವರಿಗೆ 92 ಸಾಕು. ಆದರೆ ಅದೇ ಪರದೆಯಲ್ಲಿ ಕನ್ನಡ ಓದುವುದು, ಬರೆಯುವುದು ಇದ್ದರೆ ಲೆಕ್ಕ ಬೇರೆ. ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಅಕ್ಷರ, ಚಿತ್ರಗಳನ್ನು ಹಿಗ್ಗಿಸುವ ಪ್ರಮಾಣ) ಶೇ 100 ಇದ್ದಾಗ 11 ಪಾಯಿಂಟ್ ಅಕ್ಷರದ ಗಾತ್ರ ಸುಮಾರು 15 ಪಿಕ್ಸೆಲ್. ಇಂಗ್ಲಿಷಿಗೆ ಅದು ಧಾರಾಳ. ‘ರಾಷ್ಟ್ರ’ ಎಂದು ಬರೆದಾಗ ಹೆಚ್ಚುಕಡಿಮೆ ಅಷ್ಟೇ ಜಾಗದಲ್ಲಿ ಷಕಾರ, ಅದರ ಕೆಳಗೆ ಟ ಒತ್ತು, ಪಕ್ಕದಲ್ಲಿ ರ ಒತ್ತು ಎಲ್ಲವೂ ಕೂರಬೇಕು. ಒಂದೊಂದು ಒತ್ತಿಗೆ ಬೆರಳೆಣಿಕೆಯ ಪಿಕ್ಸೆಲ್ ಉಳಿಯುತ್ತದೆ. 27 ಇಂಚಿನ 1080ಪಿಯಲ್ಲಿ ಆ ಪಿಕ್ಸೆಲ್‌ಗಳು ದಪ್ಪವಾಗಿರುವುದರಿಂದ ಒತ್ತು ಕಲೆಯಂತೆ ಕಾಣುತ್ತದೆ. 1440ಪಿಗೆ ಹೋದರೆ ಪಿಕ್ಸೆಲ್ ಎಣಿಕೆ ಅಷ್ಟೇ ಇದ್ದರೂ ಒಂದೊಂದೂ ಚಿಕ್ಕದಾಗುವುದರಿಂದ ಅಂಚು ನಯವಾಗುತ್ತದೆ. 27 ಇಂಚಿನ 4ಕೆಯಲ್ಲಿ ಸ್ಕೇಲಿಂಗ್ ಶೇ 150 ಇಟ್ಟರೆ ಅದೇ ಅಕ್ಷರಕ್ಕೆ 22 ಪಿಕ್ಸೆಲ್ ಸಿಗುತ್ತದೆ, ಅಚ್ಚಿನ ಪುಸ್ತಕದ ಹತ್ತಿರ ಬರುತ್ತದೆ. ದಿನಕ್ಕೆ ನಾಲ್ಕು ಗಂಟೆ ಕನ್ನಡ ಪಠ್ಯ ನೋಡುವವರು 27 ಇಂಚಿನ 1080ಪಿಯನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ.

ಇನ್ನೊಂದು ಕಡೆ ಗ್ರಾಫಿಕ್ಸ್ ಕಾರ್ಡ್ ಇದೆ. 1080ಪಿ ಎಂದರೆ ಒಂದು ಫ್ರೇಮ್‌ಗೆ 20.7 ಲಕ್ಷ ಪಿಕ್ಸೆಲ್, 1440ಪಿ ಎಂದರೆ 36.9 ಲಕ್ಷ, 4ಕೆ ಎಂದರೆ 82.9 ಲಕ್ಷ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಅಥವಾ ಎಎಂಡಿಯ ಆರ್‌ಎಕ್ಸ್ 7600 ಮಟ್ಟದ 8 ಜಿಬಿ ಕಾರ್ಡು ಮೂಲತಃ 1080ಪಿಗೆ ತಕ್ಕದ್ದು. 1440ಪಿಯಲ್ಲಿ ಹೊಸ ಆಟಗಳಿಗೆ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟ ಇಳಿಸಬೇಕು, ಕಡಿಮೆ ಪಿಕ್ಸೆಲ್‌ನಲ್ಲಿ ಬಿಡಿಸಿ ಪರದೆಗೆ ತಕ್ಕಂತೆ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಇಲ್ಲವೇ ಎಫ್‌ಎಸ್‌ಆರ್ ತಂತ್ರವನ್ನು ನೆಚ್ಚಿಕೊಳ್ಳಬೇಕು. ಹಾಗೆ ನೆಚ್ಚಿಕೊಳ್ಳುವುದರಲ್ಲಿ ತಪ್ಪೇನಿಲ್ಲ. 1440ಪಿಯಲ್ಲಿ ಡಿಎಲ್‌ಎಸ್‌ಎಸ್ ‘ಕ್ವಾಲಿಟಿ’ ಹಾಕಿದರೆ ಕಾರ್ಡು ಒಳಗೆ ಬಿಡಿಸುವುದು 960ಪಿ ಮಾತ್ರ, 4ಕೆಯಲ್ಲಿ ‘ಪರ್ಫಾರ್ಮೆನ್ಸ್’ ಹಾಕಿದರೆ 1080ಪಿ. ಆದರೆ 1440ಪಿ ಮಾನಿಟರಿನಲ್ಲಿ ಆಟದ ರೆಸಲ್ಯೂಶನ್ನನ್ನೇ 1080ಕ್ಕೆ ಇಳಿಸಬೇಡಿ. ಒಂದು ಪಿಕ್ಸೆಲ್ ಒಂದೂಕಾಲು ಚಿಲ್ಲರೆ ಪಿಕ್ಸೆಲ್ಲಿಗೆ ಹಿಗ್ಗಬೇಕಾಗಿ ಎಲ್ಲವೂ ಮಬ್ಬಾಗುತ್ತದೆ. 4ಕೆಯಲ್ಲಿ ಈ ತೊಂದರೆ ಇಲ್ಲ. 1080ರ ಒಂದು ಪಿಕ್ಸೆಲ್ ಸರಿಯಾಗಿ ನಾಲ್ಕಾಗುತ್ತದೆ, ಎನ್‌ವಿಡಿಯಾ ಮತ್ತು ಎಎಂಡಿ ಎರಡರ ಡ್ರೈವರಿನಲ್ಲೂ ಹೀಗೆ ಪೂರ್ಣಾಂಕದಲ್ಲಿ ಹಿಗ್ಗಿಸುವ ‘ಇಂಟಿಜರ್ ಸ್ಕೇಲಿಂಗ್’ ಆಯ್ಕೆ ಇದೆ.

ಮ್ಯಾಕ್ ಜೋಡಿಸುವವರಿಗೆ ಒಂದು ಮಾತು. 2018ರ ಮೊಹಾವಿ ಆವೃತ್ತಿಯಿಂದ ಈಚೆಗೆ ಮ್ಯಾಕ್‌ಓಎಸ್ ಸಬ್‌ಪಿಕ್ಸೆಲ್ (ಪಿಕ್ಸೆಲ್ಲಿನೊಳಗಿನ ಕೆಂಪು, ಹಸಿರು, ನೀಲಿ ಚುಕ್ಕಿ) ಬಳಸಿ ಅಕ್ಷರದ ಅಂಚು ನಯಗೊಳಿಸುವುದನ್ನು ಕೈಬಿಟ್ಟಿದೆ. ಹಾಗಾಗಿ ವಿಂಡೋಸ್‌ನಲ್ಲಿ ಚೆನ್ನಾಗಿ ಕಾಣುವ 109ರ ಸಾಂದ್ರತೆ ಮ್ಯಾಕ್‌ನಲ್ಲಿ ತೆಳುಮಂಜು ಕವಿದಂತೆ ಕಾಣುತ್ತದೆ. ಅವರಿಗೆ 27 ಇಂಚಿನ 4ಕೆಯೇ ಕನಿಷ್ಠ.

ವಿಎ: ಕತ್ತಲೆ ಕೋಣೆಗೆ, ನಿಧಾನದ ಆಟಕ್ಕೆ

ವಿಎ ಪ್ಯಾನಲ್ಲಿನ ಬಲ ಕಾಂಟ್ರಾಸ್ಟ್, ಅಂದರೆ ಬಿಳಿಯ ಬೆಳಕಿಗೂ ಕಪ್ಪಿನ ಬೆಳಕಿಗೂ ಇರುವ ಅನುಪಾತ. ಐಪಿಎಸ್‌ನದು ಸಾಮಾನ್ಯವಾಗಿ 1000ಕ್ಕೆ 1, ವಿಎಯದು 3000ಕ್ಕೆ 1ರ ಆಸುಪಾಸು. ಬಿಳಿ 200 ನಿಟ್ಸ್ (ಪರದೆಯ ಬೆಳಕಿನ ಅಳತೆ) ಇಟ್ಟುಕೊಂಡರೆ ಐಪಿಎಸ್‌ನ ಕಪ್ಪು 0.2 ನಿಟ್ಸ್, ವಿಎಯದು 0.07. ಟ್ಯೂಬ್‌ಲೈಟ್ ಉರಿಯುತ್ತಿರುವಾಗ ಎರಡೂ ಒಂದೇ. ಲೈಟ್ ಆರಿಸಿ ಸಿನಿಮಾ ಹಾಕಿದರೆ ಐಪಿಎಸ್‌ನಲ್ಲಿ ಮೇಲಿನ ಕೆಳಗಿನ ಕಪ್ಪು ಪಟ್ಟಿಗಳು ಬೂದುಬಣ್ಣದಲ್ಲಿ ಹೊಳೆಯುತ್ತವೆ, ವಿಎಯಲ್ಲಿ ಹೆಚ್ಚುಕಡಿಮೆ ಗೋಡೆಯ ಕತ್ತಲಲ್ಲಿ ಸೇರಿಹೋಗುತ್ತವೆ.

ದೌರ್ಬಲ್ಯವೂ ಕಪ್ಪಿನಲ್ಲೇ ಇದೆ. ವಿಎಯ ದ್ರವ ಹರಳುಗಳು ಕಡುಗಪ್ಪಿನಿಂದ ಗಾಢ ಬೂದುಬಣ್ಣಕ್ಕೆ ಬರುವಾಗ ಬಹಳ ನಿಧಾನ. ಅಗ್ಗದ ಪ್ಯಾನಲ್‌ಗಳಲ್ಲಿ ಈ ಒಂದು ಬದಲಾವಣೆಗೆ 20–30 ಮಿಲಿಸೆಕೆಂಡ್ ಹಿಡಿಯಬಹುದು, ಅಂದರೆ 144 ಹರ್ಟ್ಜ್‌ನ ಮೂರು ನಾಲ್ಕು ಫ್ರೇಮ್. ರಾತ್ರಿಯ ದೃಶ್ಯದಲ್ಲಿ ಕ್ಯಾಮೆರಾ ತಿರುಗಿಸಿದರೆ ಮರದ ನೆರಳಿನ ಹಿಂದೆ ಮಸಿ ಎಳೆದಂತೆ ಗುರುತು ಉಳಿಯುತ್ತದೆ. ಡಾರ್ಕ್ ಮೋಡ್‌ನಲ್ಲಿ ಪುಟ ಉರುಳಿಸಿದಾಗಲೂ ಇದೇ ಕಥೆ, ಅಕ್ಷರದ ಬಾಲ ನೇರಳೆಯಾಗಿ ಎಳೆದುಕೊಳ್ಳುತ್ತದೆ.

ಪೆಟ್ಟಿಗೆ ಮೇಲೆ ‘1 ಎಂಎಸ್’ ಎಂದಿದ್ದರೆ ಅದರ ಪಕ್ಕದ ಸಣ್ಣಕ್ಷರ ಓದಿ. ‘ಎಂಪಿಆರ್‌ಟಿ’ ಎಂದಿದ್ದರೆ ಅದು ಪ್ಯಾನಲ್ಲಿನ ವೇಗವಲ್ಲ. ಹಿಂಬದಿಯ ಬೆಳಕನ್ನು ಪ್ರತಿ ಫ್ರೇಮಿಗೂ ಮಿನುಗಿಸಿ ಮಸುಕು ಕಡಿಮೆ ಮಾಡುವ ತಂತ್ರ ಅದು. ಆನ್ ಮಾಡಿದರೆ ಪರದೆ ಮಂಕಾಗುತ್ತದೆ, ಹೆಚ್ಚಿನ ಮಾದರಿಗಳಲ್ಲಿ ವೇರಿಯಬಲ್ ರಿಫ್ರೆಶ್ (ಆಟದ ಫ್ರೇಮ್ ದರಕ್ಕೆ ಪರದೆಯ ಹರ್ಟ್ಜ್ ಹೊಂದಿಸುವ ಸೌಲಭ್ಯ) ಕೂಡ ಬಂದ್ ಆಗುತ್ತದೆ. ‘ಜಿಟಿಜಿ’ (ಒಂದು ಬೂದುಬಣ್ಣದಿಂದ ಇನ್ನೊಂದಕ್ಕೆ ಬದಲಾಗುವ ಸಮಯ) ಎಂದಿದ್ದರೂ ಅದು ಹೆಚ್ಚಾಗಿ ಅತಿ ವೇಗದ ಒಂದು ಬದಲಾವಣೆಯನ್ನು ಆರಿಸಿ ಹಾಕಿದ ಸಂಖ್ಯೆ, ಅದೂ ಓವರ್‌ಡ್ರೈವ್ (ಪಿಕ್ಸೆಲ್ ಬದಲಾವಣೆಯನ್ನು ತಳ್ಳಿ ವೇಗ ಹೆಚ್ಚಿಸುವ ಸೆಟ್ಟಿಂಗ್) ‘ಎಕ್ಸ್‌ಟ್ರೀಮ್’ನಲ್ಲಿ ಇಟ್ಟು ಅಳೆದದ್ದು.

ವೇಗದ ವಿಎ ಇಲ್ಲವೆಂದಲ್ಲ, 2020ರಲ್ಲಿ ಬಂದ ಸ್ಯಾಮ್‌ಸಂಗ್ ಒಡಿಸ್ಸಿ ಜಿ7 ಅದನ್ನು ತೋರಿಸಿಕೊಟ್ಟಿತು. ಆದರೆ ಅಂಥವು ಅಗ್ಗವಲ್ಲ. ಅಗ್ಗದ ವಿಎ ಕೊಳ್ಳುವುದಾದರೆ ಅದು ಕಥಾಪ್ರಧಾನ ಆಟ, ಸಿನಿಮಾ, ರೇಸಿಂಗ್ ಇವುಗಳಿಗೆ, ರಾತ್ರಿ ಲೈಟ್ ಆರಿಸಿ ಒಬ್ಬರೇ ಎದುರಿಗೆ ಕೂರುವವರಿಗೆ. ಪಕ್ಕದಲ್ಲಿ ಕೂತು ನೋಡುವವರಿಗೆ ಬಣ್ಣ ತೊಳೆದಂತೆ ಕಾಣುತ್ತದೆ.

ಐಪಿಎಸ್: ಬೇಸರದ ಆಯ್ಕೆ, ಹೆಚ್ಚಿನವರಿಗೆ ಸರಿಯಾದದ್ದು

ಇದರ ಬಗ್ಗೆ ಹೆಚ್ಚು ಹೇಳಲು ಇಲ್ಲದಿರುವುದೇ ಇದರ ಗುಣ. ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ, ಕಪ್ಪು–ಬೂದು ಎಳೆತ ಇಲ್ಲ, ಅಕ್ಷರ ಚೊಕ್ಕ, ಒಂದೇ ಚಿತ್ರ ದಿನವಿಡೀ ನಿಂತರೂ ಕಾಯಂ ಗುರುತು ಉಳಿಯುವುದಿಲ್ಲ. ಕೊರತೆ ಎರಡು. ಒಂದು, ಮೇಲೆ ಹೇಳಿದ ಬೂದು ಕಪ್ಪು. ಇನ್ನೊಂದು ಮೂಲೆಗಳಲ್ಲಿ ಕಾಣುವ ‘ಐಪಿಎಸ್ ಗ್ಲೋ’. ತಲೆ ಸರಿಸಿದಾಗ ಅದರ ಜಾಗ, ಬಣ್ಣ ಬದಲಾದರೆ ಗ್ಲೋ, ಅದು ತಂತ್ರಜ್ಞಾನದ ಸ್ವಭಾವ. ಎಲ್ಲಿಂದ ನೋಡಿದರೂ ಅಂಚಿನ ಒಂದೇ ಜಾಗದಲ್ಲಿ ಬೆಳಕು ಸೋರುತ್ತಿದ್ದರೆ ಅದು ಜೋಡಣೆಯ ದೋಷ, ಬದಲಾಯಿಸಿಕೊಳ್ಳಿ. ‘ಐಪಿಎಸ್ ಬ್ಲ್ಯಾಕ್’ ಎಂಬ ಬಗೆಯಲ್ಲಿ ಕಾಂಟ್ರಾಸ್ಟ್ 2000ಕ್ಕೆ 1 ಅಥವಾ ಅದಕ್ಕೂ ಹೆಚ್ಚು ಬರುತ್ತದೆ. ಹೆಚ್ಚಾಗಿ ಅದು ಆಫೀಸ್ ಮಾನಿಟರುಗಳಲ್ಲಿ ಸಿಗುತ್ತದೆ, ವೇಗದ ಆಟಕ್ಕೆ ಹೇಳಿ ಮಾಡಿಸಿದ್ದಲ್ಲ.

ಹಗಲು ಕೆಲಸ, ಸಂಜೆ ಆಟ, ಕಿಟಕಿ ಇರುವ ಹಾಲ್ ಅಥವಾ ಬೆಡ್‌ರೂಮ್, ಮಧ್ಯಮ ದರ್ಜೆಯ ಕಾರ್ಡ್: ಇಷ್ಟೂ ನಿಮಗೆ ಒಪ್ಪಿದರೆ 27 ಇಂಚು, 1440ಪಿ, 144–180 ಹರ್ಟ್ಜ್ ಐಪಿಎಸ್. ಉಳಿದದ್ದನ್ನು ಓದದೇ ಕೊಂಡರೂ ನಷ್ಟವಿಲ್ಲ. ಉಳಿಯುವ ಹಣವನ್ನು ಎತ್ತರ ಹೊಂದಿಸಬಲ್ಲ ಸ್ಟ್ಯಾಂಡ್ ಇರುವ ಮಾದರಿಗೋ, ಹಿಂಬದಿಯಲ್ಲಿ 100 ಗುಣಿಸು 100 ಮಿಲಿಮೀಟರ್ ರಂಧ್ರಗಳಿದ್ದರೆ ಒಂದು ಮಾನಿಟರ್ ಆರ್ಮ್‌ಗೋ ಹಾಕಿ. ಮೇಜು 60 ಸೆಂಟಿಮೀಟರ್ ಆಳದ್ದಾದರೆ ಸ್ಟ್ಯಾಂಡಿನ ಪಾದವೇ 20–25 ಸೆಂಟಿಮೀಟರ್ ತಿಂದು ಪರದೆ ಮೂಗಿಗೆ ಬರುತ್ತದೆ. ಅಂಥ ಮೇಜಿಗೆ 32 ಇಂಚಿನ ಆಸೆ ಬೇಡ.

ಓಎಲ್‌ಇಡಿ: ಅದ್ಭುತ, ಷರತ್ತುಗಳೊಂದಿಗೆ

ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವುದರಿಂದ ಕಪ್ಪು ಎಂದರೆ ಸಂಪೂರ್ಣ ಕತ್ತಲು. ಪಿಕ್ಸೆಲ್ ಬದಲಾಗಲು ಮಿಲಿಸೆಕೆಂಡಿನ ಸಣ್ಣ ಪಾಲು ಸಾಕು. ಓಎಲ್‌ಇಡಿಯ 120 ಹರ್ಟ್ಜ್ ಎದುರು ಸಾಧಾರಣ ಎಲ್‌ಸಿಡಿಯ 180 ಕೂಡ ಚಲನೆಯಲ್ಲಿ ಮಸುಕಾಗಿ ಕಾಣಬಹುದು. ಆಟಕ್ಕೆ ಇದಕ್ಕಿಂತ ಒಳ್ಳೆಯ ಪರದೆ ಇಲ್ಲ, ಅದರಲ್ಲಿ ವಾದವಿಲ್ಲ. ತಕರಾರು ಬರುವುದು ಆಟ ಮುಗಿದ ಮೇಲೆ.

ಮಾರುಕಟ್ಟೆಯಲ್ಲಿ ಎರಡು ಬಗೆ ಇವೆ. ಎಲ್‌ಜಿ ಡಿಸ್ಪ್ಲೇಯ ಡಬ್ಲ್ಯುಓಎಲ್‌ಇಡಿ, ಮತ್ತು ಸ್ಯಾಮ್‌ಸಂಗ್ ಡಿಸ್ಪ್ಲೇಯ ಕ್ಯೂಡಿ–ಓಎಲ್‌ಇಡಿ. ಎರಡನೆಯದು 2022ರಲ್ಲಿ ಡೆಲ್‌ನ ಏಲಿಯನ್‌ವೇರ್ 34 ಇಂಚಿನ ಮಾದರಿಯೊಂದಿಗೆ ಮಾನಿಟರುಗಳಿಗೆ ಬಂತು. ಹೊರಗಿನ ಹೆಸರು ಯಾವ ಕಂಪನಿಯದ್ದೇ ಇರಲಿ, ಒಳಗೆ ಈ ಎರಡರಲ್ಲಿ ಯಾವುದಿದೆ ಎಂದು ಕೇಳಿ. ಕಾರಣ ಕೋಣೆಯ ಬೆಳಕು. ಕ್ಯೂಡಿ–ಓಎಲ್‌ಇಡಿಗೆ ಹೊರಗಿನ ಬೆಳಕಿನ ಪ್ರತಿಫಲನ ತಗ್ಗಿಸುವ ಪೋಲರೈಸರ್ ಪದರ ಇಲ್ಲ. ಎದುರಿನ ಕಿಟಕಿ ಅಥವಾ ಟ್ಯೂಬ್‌ಲೈಟ್ ಬೆಳಕು ಬಿದ್ದರೆ ಕಪ್ಪು ಎನ್ನುವುದು ನೇರಳೆ ಛಾಯೆಯ ಬೂದುಬಣ್ಣವಾಗುತ್ತದೆ. ಹೆಚ್ಚು ಬೆಲೆ ತೆತ್ತು ಪಡೆದ ಕಡುಗಪ್ಪು ಮಧ್ಯಾಹ್ನ ಹನ್ನೆರಡಕ್ಕೆ ಮಾಯ. ಬಣ್ಣದಲ್ಲಿ ಮಾತ್ರ ಇದನ್ನು ಮೀರಿಸುವುದು ಕಷ್ಟ. ಬೆಳಕಿರುವ ಕೋಣೆಗೆ ಡಬ್ಲ್ಯುಓಎಲ್‌ಇಡಿ ವಾಸಿ, ಕಿಟಕಿಗೆ ಕರ್ಟನ್ ಎಳೆದು ಕತ್ತಲು ಮಾಡಬಲ್ಲ ಕೋಣೆಗೆ ಕ್ಯೂಡಿ.

ಅಕ್ಷರದ ತೊಂದರೆ ಎರಡರ ಹೆಚ್ಚಿನ ಮಾದರಿಗಳಲ್ಲೂ ಇದೆ, ರೀತಿ ಬೇರೆ. ವಿಂಡೋಸ್‌ನ ಕ್ಲಿಯರ್‌ಟೈಪ್ ಕೆಂಪು, ಹಸಿರು, ನೀಲಿ ಸಬ್‌ಪಿಕ್ಸೆಲ್‌ಗಳು ಪಕ್ಕಪಕ್ಕದಲ್ಲಿ ಪಟ್ಟೆಯಂತೆ ನಿಂತಿವೆ ಎಂದುಕೊಂಡು ಅಂಚು ನಯಗೊಳಿಸುತ್ತದೆ. ಹೆಚ್ಚಿನ ಕ್ಯೂಡಿ ಪರದೆಗಳಲ್ಲಿ ಅವು ತ್ರಿಕೋನವಾಗಿ ನಿಂತಿವೆ, ಹಸಿರು ಮೇಲೆ, ಕೆಂಪು ಮತ್ತು ನೀಲಿ ಕೆಳಗೆ. ಹಾಗಾಗಿ ಅಡ್ಡ ಗೆರೆಗಳ ಮೇಲಂಚಿಗೂ ಕೆಳಂಚಿಗೂ ಹಸಿರು, ಗುಲಾಬಿ ಛಾಯೆ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ಹೆಚ್ಚಿನ ಅಕ್ಷರಕ್ಕೂ ತಲಕಟ್ಟು ಇರುವುದರಿಂದ ಬಿಳಿ ಹಿನ್ನೆಲೆಯ ಸಾಲೊಂದನ್ನು ಹತ್ತಿರದಿಂದ ನೋಡಿದರೆ ಸಾಲಿನ ನೆತ್ತಿಯುದ್ದಕ್ಕೂ ಈ ಬಣ್ಣ ಕಾಣುತ್ತದೆ. ಇಂಗ್ಲಿಷ್ ವಿಮರ್ಶೆಗಳಲ್ಲಿ ‘ಪರವಾಗಿಲ್ಲ’ ಎಂದು ಓದಿ ಕೊಂಡವರಿಗೆ ಕನ್ನಡ ಪುಟ ತೆರೆದಾಗ ಕಿರಿಕಿರಿಯಾಗುವುದು ಇದಕ್ಕೇ. ಡಬ್ಲ್ಯುಓಎಲ್‌ಇಡಿಯಲ್ಲಿ ಛಾಯೆ ಅಂಟುವುದು ನಿಂತ ಗೆರೆಗಳಿಗೆ. 27 ಇಂಚಿನ 4ಕೆ ಕ್ಯೂಡಿ ಮಾದರಿಗಳಲ್ಲಿ ಪಿಕ್ಸೆಲ್ ತೀರಾ ಚಿಕ್ಕದಾಗಿ ಈ ದೋಷ ಬಹುತೇಕ ಕಣ್ಮರೆಯಾಗುತ್ತದೆ. 34 ಇಂಚಿನ ಅಗಲ ಪರದೆ, 27 ಇಂಚಿನ 1440ಪಿ ಇವುಗಳಲ್ಲಿ ಹಾಗಲ್ಲ.

ಇನ್ನು ಬರ್ನ್–ಇನ್. ಸಾವಯವ ವಸ್ತು ಉರಿದಷ್ಟೂ ಸವೆಯುತ್ತದೆ. ಒಂದೇ ಜಾಗದಲ್ಲಿ ಸದಾ ನಿಲ್ಲುವ ಟಾಸ್ಕ್‌ಬಾರ್, ಎಕ್ಸೆಲ್‌ನ ರಿಬ್ಬನ್, ಆಟದ ಮೂಲೆಯ ಮ್ಯಾಪ್ ಇವುಗಳ ಅಚ್ಚು ಕಾಲಕ್ರಮದಲ್ಲಿ ಉಳಿಯುತ್ತದೆ. ಟಾಸ್ಕ್‌ಬಾರ್ ತಾನಾಗಿ ಅಡಗುವಂತೆ ಮಾಡಿ, ಡೆಸ್ಕ್‌ಟಾಪ್ ಹಿನ್ನೆಲೆ ಕಪ್ಪಾಗಿರಲಿ, ಐದು ನಿಮಿಷಕ್ಕೆ ಪರದೆ ಆರುವಂತೆ ಇಡಿ, ಕೆಲಸದ ಹೊತ್ತಿನಲ್ಲಿ ಬ್ರೈಟ್‌ನೆಸ್ ತಗ್ಗಿಸಿ. ಇಷ್ಟು ಎಲ್ಲರೂ ಹೇಳುತ್ತಾರೆ. ನಮ್ಮ ಮನೆಗಳಲ್ಲಿ ತಪ್ಪುವುದು ಇನ್ನೊಂದು ಕಡೆ. ಕೆಲವು ಗಂಟೆ ಬಳಸಿದ ಮೇಲೆ ಮಾನಿಟರ್ ಸ್ಟ್ಯಾಂಡ್‌ಬೈಗೆ ಹೋದಾಗ ‘ಪಿಕ್ಸೆಲ್ ರಿಫ್ರೆಶ್’ ಎಂಬ ಸಮತೋಲನ ಕ್ರಿಯೆ ಕೆಲವು ನಿಮಿಷ ನಡೆಯುತ್ತದೆ. ಕಂಪ್ಯೂಟರ್ ಮುಚ್ಚಿದ ಕೂಡಲೇ ಗೋಡೆಯ ಸ್ವಿಚ್ ಆರಿಸುವ ನಮ್ಮ ಒಳ್ಳೆಯ ಅಭ್ಯಾಸ ಇದನ್ನು ಪ್ರತಿದಿನ ತಪ್ಪಿಸುತ್ತದೆ. ಸ್ವಿಚ್ ಆರಿಸಲೇಬೇಕಾದರೆ ಮಾನಿಟರಿನ ಪವರ್ ದೀಪ ಕ್ರಿಯೆ ಮುಗಿದ ಸೂಚನೆ ಕೊಡುವವರೆಗೆ ಕಾಯಿರಿ. ದಿನಕ್ಕೆ ಎಂಟು ಗಂಟೆ ಕೋಡ್, ಎಕ್ಸೆಲ್, ಒಂದು ಗಂಟೆ ಆಟ ಎನ್ನುವವರಿಗೆ ಓಎಲ್‌ಇಡಿ ತಪ್ಪು ಆಯ್ಕೆ. ಬರ್ನ್–ಇನ್ ವಾರಂಟಿ ಇದೆ ಎಂದು ಮಾರಾಟಗಾರ ಹೇಳಿದರೆ ಆ ಮಾತು ಕಂಪನಿಯ ಭಾರತದ ಪುಟದಲ್ಲಿ ಇದೆಯೇ ನೋಡಿ, ಅಮೆರಿಕದ ವಾರಂಟಿ ಇಲ್ಲಿ ನಡೆಯಬೇಕೆಂದಿಲ್ಲ.

ಎಚ್‌ಡಿಆರ್ ಚೀಟಿ, ಟಿವಿ ಎಂಬ ಆಸೆ

ಎಚ್‌ಡಿಆರ್ ಎಂದರೆ ಬೆಳಕು–ಕತ್ತಲೆಗಳ ಅಂತರವನ್ನು ಹೆಚ್ಚು ವಿಸ್ತಾರವಾಗಿ ತೋರಿಸುವ ವಿಧಾನ. ‘ಡಿಸ್ಪ್ಲೇ ಎಚ್‌ಡಿಆರ್ 400’ ಎಂಬ ಚೀಟಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಅದಕ್ಕೆ 400 ನಿಟ್ಸ್ ಮುಟ್ಟಬೇಕು, ಆದರೆ ಪರದೆಯ ಭಾಗಗಳನ್ನು ಬೇರೆಬೇರೆಯಾಗಿ ಮಂಕುಗೊಳಿಸುವ ಲೋಕಲ್ ಡಿಮ್ಮಿಂಗ್ ಬೇಕಿಲ್ಲ. ಅಂಥ ಪರದೆಯಲ್ಲಿ ಎಚ್‌ಡಿಆರ್ ಆನ್ ಮಾಡಿದರೆ ಬಣ್ಣ ಸಪ್ಪೆಯಾಗುವುದೇ ಹೆಚ್ಚು. ಓಎಲ್‌ಇಡಿಗಳಿಗೆ ಕೊಡುವ ‘ಟ್ರೂ ಬ್ಲ್ಯಾಕ್ 400’ ಬೇರೆಯದೇ ಗುಂಪು, ಸಂಖ್ಯೆ ಒಂದೇ ಎಂದು ಗೊಂದಲವಾಗಬೇಡಿ.

43 ಇಂಚಿನ 4ಕೆ ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳಬಹುದೇ? ಸೋಫಾದಿಂದ ಆಡುವುದಾದರೆ ಖಂಡಿತ. ಮೇಜಿನ ಮೇಲೆ ಬೇಡ. ಹೆಚ್ಚಿನ ಅಗ್ಗದ ಟಿವಿಗಳು ಬಣ್ಣದ ಮಾಹಿತಿಯನ್ನು ಅರ್ಧಕ್ಕೋ ಕಾಲಿಗೋ ಇಳಿಸುತ್ತವೆ, ಕಪ್ಪು ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಬರೆದು ನೋಡಿದರೆ ಕದಡಿ ಕಾಣುತ್ತದೆ. ಇನ್‌ಪುಟ್ ಹೆಸರನ್ನು ‘ಪಿಸಿ’ ಎಂದು ಬದಲಿಸಿದರೆ ಕೆಲವು ಟಿವಿಗಳಲ್ಲಿ ಸರಿಹೋಗುತ್ತದೆ.

ಕೇಬಲ್, ಪೋರ್ಟ್, ಕನ್ಸೋಲ್

ಪಿಸಿಗೆ ಡಿಸ್ಪ್ಲೇಪೋರ್ಟ್ ಬಳಸಿ. 1.4ರ ಒಂದು ತಂತಿ 1440ಪಿ 180 ಹರ್ಟ್ಜ್‌ಗೆ ಧಾರಾಳ. ಎಚ್‌ಡಿಎಂಐ 2.0 ಕೂಡ 1440ಪಿ 144ರವರೆಗೆ ಬರುತ್ತದೆ. ಬೇರೆ ಕೇಬಲ್ ಕೊಳ್ಳುವುದಾದರೆ ತೀರಾ ಅಗ್ಗದ್ದು ಬೇಡ. ಕೆಲವು ಕಳಪೆ ಡಿಸ್ಪ್ಲೇಪೋರ್ಟ್ ಕೇಬಲ್‌ಗಳಲ್ಲಿ 20ನೇ ಪಿನ್ ಎರಡೂ ತುದಿಗೆ ಜೋಡಿಸಿರುತ್ತಾರೆ. ಮಾನಿಟರಿನಿಂದ ಕಾರ್ಡಿಗೆ ವಿದ್ಯುತ್ ಹಿಮ್ಮುಖವಾಗಿ ಹರಿದು ಕಂಪ್ಯೂಟರ್ ಬೂಟ್ ಆಗದೆ ತೊಂದರೆ ಕೊಡುತ್ತದೆ.

ಪಿಎಸ್5 (ಪ್ಲೇಸ್ಟೇಷನ್ 5) ಕನ್ಸೋಲ್ ಇಟ್ಟುಕೊಂಡವರ ಲೆಕ್ಕ ಸ್ವಲ್ಪ ಬೇರೆ. ಅದಕ್ಕೆ 1440ಪಿ ಬೆಂಬಲ ಬಂದದ್ದು 2022ರ ಸೆಪ್ಟೆಂಬರಿನಲ್ಲಿ, ಅಲ್ಲಿಯವರೆಗೆ 1080ರ ಮೇಲೆ 4ಕೆ ಮಾತ್ರ. ಇಂದಿಗೂ ಅದು ಎಎಂಡಿಯ ವೇರಿಯಬಲ್ ರಿಫ್ರೆಶ್ ತಂತ್ರವಾದ ಫ್ರೀಸಿಂಕ್ ಅರ್ಥ ಮಾಡಿಕೊಳ್ಳುವುದಿಲ್ಲ, ಎಚ್‌ಡಿಎಂಐ 2.1ರ ವಿಆರ್‌ಆರ್ (ವೇರಿಯಬಲ್ ರಿಫ್ರೆಶ್ ರೇಟ್) ಮಾತ್ರ ಬೇಕು, ಅದೂ 48ರಿಂದ 120 ಹರ್ಟ್ಜ್ ಒಳಗೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ ಫ್ರೀಸಿಂಕ್ ಮಾನಿಟರಿನಲ್ಲೂ ನಡೆಯುತ್ತವೆ. ಪೆಟ್ಟಿಗೆ ಮೇಲೆ ‘ಎಚ್‌ಡಿಎಂಐ 2.1’ ಎಂದಷ್ಟೇ ಇದ್ದರೆ ನಂಬಬೇಡಿ. ನಿಯಮದ ಪ್ರಕಾರ ಹಳೆಯ 2.0 ಸಾಮರ್ಥ್ಯದ ಪೋರ್ಟಿಗೂ ಆ ಹೆಸರು ಹಾಕಬಹುದು. ‘4ಕೆ 120’ ಮತ್ತು ‘ವಿಆರ್‌ಆರ್’ ಎರಡೂ ಎಚ್‌ಡಿಎಂಐ ಸಾಲಿನಲ್ಲಿಯೇ ಬರೆದಿರಬೇಕು.

ಬೆಲೆಯ ವಿಚಾರದಲ್ಲಿ ಒಂದೇ ಮಾತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಮಾನಿಟರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. 34 ಇಂಚಿನ ಅಗಲ ಪರದೆಯ ಹಳೆಯ ವಿಮರ್ಶೆಯಲ್ಲಿ ‘ದುಬಾರಿ’ ಎಂದಿದ್ದರೆ ಬೆಲೆ ಮತ್ತೆ ನೋಡಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಡೆಮೊ ನೋಡಿ ಆರಿಸುವವರು ಮಾನಿಟರಿನ ಮೆನುವಿನಲ್ಲಿ ಬಣ್ಣ ಉಬ್ಬಿಸುವ ‘ವಿವಿಡ್’ ತೆಗೆದು ಸಹಜ ಬಣ್ಣದ ‘ಎಸ್‌ಆರ್‌ಜಿಬಿ’ ಹಾಕಿಸಿ, ಯೂಟ್ಯೂಬಿನ ಡೆಮೊ ವಿಡಿಯೊ ಬದಲು ಒಂದು ಕನ್ನಡ ಸುದ್ದಿಪುಟ ತೆರೆಸಿ.

ಮನೆಗೆ ಬಂದ ದಿನ

ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೊ ಮಾಡಿಟ್ಟುಕೊಳ್ಳಿ, ಒಡೆದ ಪ್ಯಾನಲ್ಲಿಗೆ ಅದೊಂದೇ ಸಾಕ್ಷಿ. ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ, ಅಡ್ವಾನ್ಸ್ಡ್ ಡಿಸ್ಪ್ಲೇ ಎಂದು ಹೋಗಿ ರಿಫ್ರೆಶ್ ರೇಟ್ ಬದಲಿಸಿ. 60ರಲ್ಲೇ ತಿಂಗಳುಗಟ್ಟಲೆ ಓಡಿಸುವವರು ಕಡಿಮೆಯಿಲ್ಲ. ಎಚ್‌ಡಿಎಂಐನಲ್ಲಿ ಕಪ್ಪು ತೆಳುವಾಗಿ ಕಂಡರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್ಲಿನಲ್ಲಿ ‘ಔಟ್‌ಪುಟ್ ಡೈನಾಮಿಕ್ ರೇಂಜ್’ ಲಿಮಿಟೆಡ್‌ನಲ್ಲಿ ಉಳಿದಿರಬಹುದು, ಫುಲ್ ಮಾಡಿ.

ಓವರ್‌ಡ್ರೈವ್ ಅನ್ನು ಮಧ್ಯದ ಮಟ್ಟಕ್ಕೆ ಇಟ್ಟು ಟೆಸ್ಟ್‌ಯುಎಫ್‌ಒ ತಾಣದ ಹಾರುವ ತಟ್ಟೆ ನೋಡಿ. ತಟ್ಟೆಯ ಹಿಂದೆ ಮಸುಕು ಬಾಲ ಇದ್ದರೆ ಒಂದು ಹೆಜ್ಜೆ ಏರಿಸಿ, ಬಿಳಿ ಅಥವಾ ಬಣ್ಣದ ಪ್ರಭೆ ಕಂಡರೆ ಒಂದು ಹೆಜ್ಜೆ ಇಳಿಸಿ. ವೇರಿಯಬಲ್ ರಿಫ್ರೆಶ್ ಆನ್ ಮಾಡಿದ ಮೇಲೆ ಆಟದ ಫ್ರೇಮ್ ಮಿತಿಯನ್ನು ಪರದೆಯ ಗರಿಷ್ಠಕ್ಕಿಂತ ಮೂರು ನಾಲ್ಕು ಕಡಿಮೆ ಇಡಿ. ಮೆನು ಅಥವಾ ಲೋಡಿಂಗ್ ಪರದೆಯಲ್ಲಿ ಬೆಳಕು ಪಟಪಟ ಮಿನುಗಿದರೆ ಮಾನಿಟರ್ ಕೆಟ್ಟಿಲ್ಲ. ಫ್ರೇಮ್ ದರ ಏರುಪೇರಾದಾಗ ವಿಎ ಮತ್ತು ಓಎಲ್‌ಇಡಿಗಳಲ್ಲಿ ಹೀಗಾಗುತ್ತದೆ.

ಕೊನೆಗೆ ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಪೂರ್ಣ ಪರದೆಯಲ್ಲಿ ತಂದು ಸತ್ತ ಪಿಕ್ಸೆಲ್ ಹುಡುಕಿ, ರಾತ್ರಿ ಲೈಟ್ ಆರಿಸಿ ಕಪ್ಪನ್ನು ಮತ್ತೊಮ್ಮೆ ನೋಡಿ. ಒಂದೆರಡು ಸತ್ತ ಸಬ್‌ಪಿಕ್ಸೆಲ್‌ಗಳನ್ನು ಕಂಪನಿಯ ವಾರಂಟಿ ದೋಷವೆಂದು ಒಪ್ಪುವುದು ಕಡಿಮೆ, ಅಂಗಡಿಯ ಬದಲಾವಣೆ ಅವಧಿಯೊಳಗೆ ಕೇಳಿದರೆ ಮಾತ್ರ ಕೆಲಸವಾಗುತ್ತದೆ. ಆ ಅವಧಿ ಎಷ್ಟು ದಿನದ್ದು, ಹಣ ವಾಪಸೋ ಬರೀ ಬದಲಿ ಮಾನಿಟರೋ ಎಂಬುದನ್ನು ಹಣ ಕಟ್ಟುವ ಮೊದಲೇ ಓದಿಕೊಂಡಿರಿ.